ಬಿಸಿ ಪ್ಲಗ್ಗು, ತಣ್ಣನೆಯ ಇಸ್ತ್ರಿ

ದರ್ಜಿಯ ಇಸ್ತ್ರಿಪೆಟ್ಟಿಗೆ ಅಂದು ಬೆಳಿಗ್ಗೆ ಪೂರ್ತಿ ಕೈಕೊಟ್ಟಿತು. ತಳ ಉಗುರುಬೆಚ್ಚಗೂ ಆಗಲಿಲ್ಲ. ಗೋಡೆಯ ಪ್ಲಗ್ಗು ಮಾತ್ರ ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿತ್ತು.

ಬೇರೆ ದಿನವಾಗಿದ್ದರೆ ಅಂಗಡಿ ಮುಚ್ಚಿ ಮನೆಗೆ ಹೋಗುತ್ತಿದ್ದ. ಆದರೆ ಅಪ್ಪ ತೀರಿಕೊಂಡಾಗಿನಿಂದ ಮಾತು ಬಿಟ್ಟಿದ್ದ ಅಣ್ಣ ನಿನ್ನೆ ತಾನಾಗಿಯೇ ಮೆಟ್ಟಿಲು ಹತ್ತಿ ಬಂದಿದ್ದ. ಅಪ್ಪನ ಉಣ್ಣೆಯ ಕೋಟನ್ನು ಮೇಜಿನ ಮೇಲಿಟ್ಟು, "ಮಗಳ ಮದುವೆಗೆ ಹಾಕ್ಕೋಬೇಕು. ನಾಳೆಯೊಳಗೆ ತೋಳು ಸ್ವಲ್ಪ ಚಿಕ್ಕದು ಮಾಡು. ನೀನೂ ಬಾ," ಎಂದಿದ್ದ. ಆ ಕೊನೆಯ ಮಾತಿನ ಸಂತೋಷಕ್ಕೆ ದರ್ಜಿಗೆ ಊಟವೇ ಸೇರಿರಲಿಲ್ಲ.

ಸುಟ್ಟ ವಾಸನೆ ಹಿಡಿದು ಪಕ್ಕದ ಅಂಗಡಿಯ ಕ್ಷೌರಿಕ ಓಡಿಬಂದ, ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು.

"ಕಾಯಿಲ್ ಹೋಗಿದೆ ಕಣಪ್ಪಾ, ಬದಲಾಯಿಸು."

ಬದಲಾಯಿಸಿದ್ದಾಯಿತು. ಪೆಟ್ಟಿಗೆ ಸತ್ತ ಮೀನಿನಂತೆ ತಣ್ಣಗೇ ಇತ್ತು.

"ಹಾಗಾದ್ರೆ ವೈರು!"

ವೈರೂ ಹೊಸದಾಯಿತು. ಅರ್ಧ ಗಡ್ಡದ ಗಿರಾಕಿಯೂ ಬಂದು ಪೆಟ್ಟಿಗೆಗೆ ಎರಡು ಗುದ್ದು ಕೊಟ್ಟು ನೋಡಿದ.

ಕೊನೆಗೆ ಎದುರಿನ ಗಡಿಯಾರ ರಿಪೇರಿಯವನು ಪ್ಲಗ್ಗನ್ನು ಕಿತ್ತು, ಭೂತಗನ್ನಡಿ ಹಿಡಿದ. "ಅಲ್ರೀ, ಪಿನ್ನು ಕಪ್ಪಾಗಿದೆ, ಸಾಕೆಟ್ಟು ಸಡಿಲ. ಎರಡೂ ಸರಿಯಾಗಿ ಕೂಡಿಕೊಂಡ್ರೆ ತಾನೆ ಕರೆಂಟು ಸಲೀಸಾಗಿ ದಾಟೋದು? ಇಸ್ತ್ರಿಗೆ ಹೋಗ್ಬೇಕಾದ ಬಿಸಿಯೆಲ್ಲ ಇಲ್ಲೇ, ಹೊಸ್ತಿಲಲ್ಲೇ ಖರ್ಚಾಗ್ತಿದೆ. ಹೆಸರಿಗೆ ತಗಲಿಕೊಂಡಿದ್ರೆ ಸಾಲದು."

ದರ್ಜಿಗೆ ಅಣ್ಣನ ನೆನಪಾಯಿತು.

ಮರಳುಕಾಗದದಿಂದ ಪಿನ್ನುಗಳನ್ನು ಫಳಫಳ ಹೊಳೆಯುವಂತೆ ಉಜ್ಜಿದ. ಸಾಕೆಟ್ಟನ್ನೂ ಹೊಸದು ಹಾಕಿಸಿದ. ಅಷ್ಟರಲ್ಲಿ ಅಣ್ಣ ಬಂದು ಸ್ಟೂಲಿನ ಮೇಲೆ ಕುಳಿತ.

"ಆಯ್ತೇನೋ?"

"ತೋಳು ಆಗಿದೆ ಅಣ್ಣಾ. ಒಂದು ಇಸ್ತ್ರಿ ಎಳೆದು ಕೊಟ್ಬಿಡ್ತೀನಿ."

"ಬೇಡ ಬಿಡೋ, ಚೆನ್ನಾಗೇ ಇದೆ."

"ನಿನಗೆ ಗೊತ್ತಾಗಲ್ಲ, ಕೂತ್ಕೋ."

ಅರೆಜೀವದ ಪೆಟ್ಟಿಗೆಯೊಂದಿಗೆ ವರ್ಷಗಟ್ಟಲೆ ಹೆಣಗಿದ ಕೈ ಅದು. ಅಭ್ಯಾಸಬಲದಿಂದ ಬಿಸಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿತು. ಕೋಟಿನ ಬೆನ್ನಿಗೆ ಪೆಟ್ಟಿಗೆ ಒತ್ತಿದ್ದೇ ತಡ, ಚುಂಯ್ ಎಂದಿತು. ಎತ್ತಿ ನೋಡಿದರೆ ಅಪ್ಪನ ಕೋಟಿನ ನಟ್ಟನಡುವೆ ದೋಣಿಯಂಥ ಕರಕಲು ಅಚ್ಚು, ಅದರಿಂದ ಸಣ್ಣಗೆ ಹೊಗೆ.

ಕ್ಷೌರಿಕ ಬಾಯಿಗೆ ಟವೆಲ್ ಒತ್ತಿಕೊಂಡ. ಅಣ್ಣ ಸ್ಟೂಲಿನಿಂದ ಎದ್ದು ಬಂದ. ಸುಟ್ಟ ಜಾಗ ಒಳಗಾಗುವಂತೆ ಕೋಟನ್ನು ಮೆಲ್ಲಗೆ ಮಡಿಸಿದ. ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡು ಮೆಟ್ಟಿಲಿಳಿದ.

ಗಿರಾಕಿಗಳ ಬಟ್ಟೆ ಕೆಟ್ಟಾಗಲೆಲ್ಲ ದರ್ಜಿ, "ಪೆಟ್ಟಿಗೆ ಸರಿ ಇಲ್ಲ ಸ್ವಾಮಿ," ಎಂದು ಜಾರಿಕೊಳ್ಳುತ್ತಿದ್ದ. ಅದನ್ನೇ ಕೂಗಿ ಹೇಳಲು ಬಾಗಿಲವರೆಗೆ ಓಡಿದ. ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಪೆಟ್ಟಿಗೆ ಎಂದೂ ಇಲ್ಲದಷ್ಟು ಸರಿಯಾಗಿತ್ತು.