ನಲವತ್ತೆಂಟು ಗ್ರಾಂ ಎಲ್ಲಿ ಹೋಯಿತು?

ತಕ್ಕಡಿ ಸಾಹೇಬರನ್ನು ನಾನು ಮೊದಲು ಕಂಡದ್ದು ತರಕಾರಿ ಅಂಗಡಿಯ ಎದುರು. ಅವರು ಆಗಷ್ಟೇ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದರು. ಅರ್ಧ ಕಿಲೋ ಬೀನ್ಸ್ ಚೀಲಕ್ಕೆ ಹಾಕಿಸಿಕೊಂಡು ಹೊರಟಿದ್ದ ನನ್ನನ್ನು ಅಡ್ಡಗಟ್ಟಿ, ಜೇಬಿನಿಂದ ಹಿತ್ತಾಳೆಯ ತೂಕದ ಕಲ್ಲು ತೆಗೆದು, ಬೀನ್ಸನ್ನು ಮತ್ತೆ ತಕ್ಕಡಿಗೆ ಸುರಿಸಿದರು. ನಾಲ್ಕು ಕಾಯಿ ಹೆಚ್ಚೇ ಇತ್ತು. ಅಂಗಡಿಯವನು ಆ ನಾಲ್ಕನ್ನೂ ವಾಪಸು ತೆಗೆದುಕೊಂಡ. "ನ್ಯಾಯ ಎಂದರೆ ನ್ಯಾಯ, ಸ್ವಾಮಿ" ಎಂದು ನನಗೆ ಕೈಮುಗಿದು ಹೋದರು.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದ ಈ ಸಾಹೇಬರಿಗೆ ನಿವೃತ್ತಿಯಾದ ಮೂರನೆಯ ವಾರ ಬ್ರೆಡ್ ಮಾಡುವ ಹುಚ್ಚು ಹಿಡಿಯಿತು. ಸುಮ್ಮನೆ ಹಿಡಿದದ್ದಲ್ಲ, ಅದರ ಹಿಂದೆ ಹನ್ನೊಂದು ವರ್ಷದ ಜಿದ್ದಿತ್ತು. ಅವರ ಹೆಂಡತಿಯ ತಮ್ಮನಿಗೆ ಪೇಟೆಯಲ್ಲಿ ಬೇಕರಿ. ಅವನು ಅಂಗಡಿ ತೆರೆದ ಹೊಸತರಲ್ಲಿ, ನಾನೂರು ಗ್ರಾಂ ಎಂದು ಬರೆದಿದ್ದ ಬ್ರೆಡ್ಡು ಮುನ್ನೂರೈವತ್ತು ತೂಗಿತೆಂದು ಸಾಹೇಬರು ಗಿರಾಕಿಗಳ ಎದುರೇ ಅವನನ್ನು 'ಕಳ್ಳ' ಎಂದಿದ್ದರು. ಅಂದಿನಿಂದ ಅವನು ಅಕ್ಕನ ಮನೆಯ ಹೊಸಿಲು ತುಳಿದಿರಲಿಲ್ಲ. ತಮ್ಮನ ಮುಖ ನೋಡಬೇಕೆಂದರೆ ಅಕ್ಕನೇ ರಸ್ಕು ಕೊಳ್ಳುವ ನೆಪ ಮಾಡಿಕೊಂಡು ಪೇಟೆಗೆ ಹೋಗಬೇಕಿತ್ತು. ಮನೆಯ ಡಬ್ಬಗಳಲ್ಲೆಲ್ಲ ರಸ್ಕು.

"ಪ್ರಾಮಾಣಿಕವಾದ ನಾನೂರು ಗ್ರಾಂ ಬ್ರೆಡ್ ಮಾಡಿ ನಿನ್ನ ತಮ್ಮನ ಎದುರು ಇಡ್ತೀನಿ, ನೋಡ್ತಿರು" ಎಂದರು ಸಾಹೇಬರು. "ಇದೇನು ಬ್ರಹ್ಮವಿದ್ಯೆಯೇ? ಹಿಟ್ಟು, ನೀರು, ಈಸ್ಟ್. ಉಳಿದದ್ದು ತೂಕ. ತೂಕ ನನಗೆ ಯಾರು ಹೇಳಿಕೊಡಬೇಕು?"

"ಮಾಡಿ, ಮಾಡಿ. ಆಮೇಲೆ ಅಡುಗೆಮನೆ ಒರೆಸೋದೂ ನೀವೇ" ಎಂದರು ಹೆಂಡತಿ.

ಮೊದಲ ರೊಚ್ಚು ಪಾಕಪುಸ್ತಕದ ಮೇಲೆ. 'ಚಿಟಿಕೆ ಉಪ್ಪು' ಎಂದು ಬರೆದಿತ್ತು. "ಯಾರ ಚಿಟಿಕೆ? ನಿನ್ನದೋ, ಪೈಲ್ವಾನನದೋ?" ಎಂದು ಹೆಂಡತಿಯಿಂದ ಹತ್ತು ಚಿಟಿಕೆ ಹಾಕಿಸಿ, ತೂಗಿ, ಸರಾಸರಿ ತೆಗೆದರು. ಪ್ರಕಾಶಕರಿಗೆ ಖಂಡನಾ ಪತ್ರವೂ ಹೋಯಿತು.

ಹಿಟ್ಟಿನ ಮುದ್ದೆ ಸರಿಯಾಗಿ ನಾನೂರು ಗ್ರಾಂ ಓವನ್ನಿನೊಳಗೆ ಹೋಯಿತು. ಮುಕ್ಕಾಲು ಗಂಟೆಯ ಮೇಲೆ ಹೊರಬಂದ ಬ್ರೆಡ್ಡನ್ನು ತಕ್ಕಡಿಗಿಟ್ಟ ಸಾಹೇಬರ ಮುಖ ಕಪ್ಪಿಟ್ಟಿತು. ಮುನ್ನೂರ ಐವತ್ತೆರಡು.

"ಏನೇ, ಹಿಟ್ಟು ಕಿತ್ತು ತಿಂದೆಯಾ?"

"ಹಸಿ ಹಿಟ್ಟು ತಿನ್ನೋಕೆ ನನಗೇನು ಬಂದಿದೆ?"

"ಹಾಗಾದರೆ ನಲವತ್ತೆಂಟು ಗ್ರಾಂ ಎಲ್ಲಿ ಹೋಯಿತು? ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ!"

ಮರುದಿನ ನನಗೆ ಕರೆ ಬಂತು. ಬ್ರೆಡ್ ತಿನ್ನುವುದಕ್ಕಲ್ಲ, ಸಾಕ್ಷಿಗೆ. ನನ್ನ ಸಮಕ್ಷಮದಲ್ಲಿ ಹಿಟ್ಟು ತೂಗಿದರು. ಓವನ್ನಿನ ಬಾಗಿಲಿಗೆ ಕಾಗದದ ಪಟ್ಟಿ ಅಂಟಿಸಿ ಅದರ ಮೇಲೆ ನನ್ನ ರುಜು ಹಾಕಿಸಿಕೊಂಡರು. ಎದುರಿಗೆ ಸ್ಟೂಲು ಎಳೆದುಕೊಂಡು, ಕಣ್ಣು ಮಿಟುಕಿಸದೆ ಕಾವಲು ಕುಳಿತರು. ಕೊನೆಗೆ ಪಟ್ಟಿ ಪರೀಕ್ಷಿಸಿದೆವು. ಹರಿದಿರಲಿಲ್ಲ. ಬಾಗಿಲು ತೆರೆದು ತೂಗಿದರು. ಮತ್ತೆ ಮುನ್ನೂರ ಐವತ್ತೆರಡು.

"ಸೀಲು ಭದ್ರ, ಮಾಲು ಮಾಯ. ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಅಕ್ರಮ ಕಂಡಿಲ್ಲ, ಮೇಷ್ಟ್ರೇ" ಎಂದರು ಸಾಹೇಬರು.

ಅವರ ಹೆಂಡತಿ ಅಡುಗೆಮನೆಯ ಕಿಟಕಿಯ ಗಾಜಿನ ಮೇಲೆ ಬೆರಳಾಡಿಸಿ, ಒದ್ದೆಯಾದ ಬೆರಳನ್ನು ಗಂಡನ ಮೂಗಿನ ಮುಂದೆ ಹಿಡಿದರು. "ಇಗೋ ನಿಮ್ಮ ಮಾಲು. ಹಿಟ್ಟಲ್ಲಿದ್ದ ನೀರು ಕಾವಿಗೆ ಆರಿದೆ. ಅವತ್ತು ನನ್ನ ತಮ್ಮ ಇದನ್ನೇ ಹೇಳಿದ್ದ. 'ಹಸಿ ಹಿಟ್ಟು ನಾನೂರು ಹಾಕಿದ್ದೆ ಭಾವ, ಆವಿಯಾಗಿ ಹೋಯ್ತು, ನನಗೆ ತಿಳೀಲಿಲ್ಲ' ಅಂತ. ನೀವು ಆ ಆವಿಯನ್ನು ಹಾಜರುಪಡಿಸು ಅಂದ್ರಿ."

"ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ?"

"ಹನ್ನೊಂದು ವರ್ಷದಿಂದ ಹೇಳ್ತಾ ಇದೀನಿ ರೀ. ನೀವು ಪೇಪರ್ ಓದ್ತಾ ಇರ್ತಿದ್ರಿ."

 ಸಾಹೇಬರು ಬ್ರೆಡ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದರು. ಸಾಕ್ಷಿಯಾದ ತಪ್ಪಿಗೆ ನಾನೂ ಹಿಂದೆ ಹೊರಟೆ.

ಬೇಕರಿಯಲ್ಲಿ ಐದಾರು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಸಾಹೇಬರು ಕಾಯಲಿಲ್ಲ. "ಹನ್ನೊಂದು ವರ್ಷದ ಕೆಳಗೆ ಇಲ್ಲೇ ನಿಂತು ಒಂದು ಮಾತು ಆಡಿದ್ದೆ" ಎಂದರು, ಎಲ್ಲರಿಗೂ ಕೇಳಿಸುವಂತೆ. "ತೂಕ ಕಡಿಮೆ ಅಂದದ್ದು ಸರಿ. ಕಳ್ಳ ಅಂದದ್ದು ತಪ್ಪು. ಇದು ನಾನು ಮಾಡಿದ್ದು. ಇದೂ ಕಡಿಮೆಯೇ ಇದೆ."

ಭಾವಮೈದುನ ಕೈಯ ಹಿಟ್ಟು ಒರೆಸಿಕೊಂಡು ಬ್ರೆಡ್ಡನ್ನು ಎತ್ತಿಕೊಂಡ. ತಿರುವಿ ಹಾಕಿ ಅದರ ತಳಕ್ಕೆ ಬೆರಳಿನಿಂದ ಬಡಿದ, ಕಿವಿಗೊಟ್ಟು ಕೇಳಿದ.

"ಒಳಗೆ ಬೆಂದಿಲ್ಲ, ಭಾವ" ಎಂದ. "ಸರಿಯಾಗಿ ಬೆಂದಿದ್ರೆ ಇನ್ನೂ ಹತ್ತು ಗ್ರಾಂ ಹೋಗ್ತಿತ್ತು."

ಆಮೇಲೆ ಒಳಗಿನಿಂದ ಒಂದು ಏಪ್ರನ್ ತಂದು ಭಾವನ ಕೈಗಿಟ್ಟ.

ಈಗ ಸಾಹೇಬರು ದಿನವೂ ಬೆಳಿಗ್ಗೆ ಬೇಕರಿಯಲ್ಲಿ ಹಿಟ್ಟು ನಾದುತ್ತಾರೆ. ಮೂರು ತಿಂಗಳಾಯಿತು, ಇನ್ನೂ ಓವನ್ನಿನ ಬಳಿ ಸುಳಿಯಲು ಅಪ್ಪಣೆ ಸಿಕ್ಕಿಲ್ಲ. ಭಾವಮೈದುನ ಪ್ರತಿ ಭಾನುವಾರ ಅಕ್ಕನ ಮನೆಗೆ ಬಂದು, ಊಟದ ಎಲೆಯ ಮುಂದೆ ಕುಳಿತು, ವಾರದ ವರದಿ ಒಪ್ಪಿಸುತ್ತಾನೆ: ಶಿಷ್ಯ ಪರವಾಗಿಲ್ಲ, ಕೈ ಒರಟು, ಎದುರುವಾದ ಜಾಸ್ತಿ.

"ನೋಡಿದಿರಾ ಮೇಷ್ಟ್ರೇ, ನನ್ನ ಮನೆಯಲ್ಲೇ ಉಂಡು ನನ್ನ ಮೇಲೇ ಚಾಡಿ" ಎಂದು ಮೊನ್ನೆ ಸಾಹೇಬರು ನನ್ನ ಮುಂದೆ ಹರಿಹಾಯ್ದರು. ಹಾಗೆ ಹೇಳುತ್ತಲೇ ಭಾವಮೈದುನನಿಗೆ ಇನ್ನೊಂದು ಸೌಟು ಬಡಿಸಿದರು, ತೂಗದೆ.