ಶಟ್‌ಡೌನ್ ಒಲ್ಲದ ಅತ್ತಿಗೆ

ನನ್ನ ಅತ್ತಿಗೆ ಇವತ್ತಿನವರೆಗೂ ಯಾವುದನ್ನೂ ಮುಗಿಸಿದವರಲ್ಲ! ಸೋಮಾರಿ ಅಂದುಕೊಂಡೀರಿ, ಜೋಕೆ. ಅವರ ಬಾಯಲ್ಲಿ ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಅಕ್ಕಿ ಖಾಲಿಯಾಗುವುದಿಲ್ಲ, ತುಂಬಬೇಕಾಗುತ್ತದೆ. ‘ಹೋಗ್ತೇನೆ’ ಎಂದು ಎದ್ದ ನೆಂಟರನ್ನು ಮತ್ತೆ ಕೂರಿಸಿ, ಇನ್ನೊಂದು ಲೋಟ ಕಾಫಿ ಕುಡಿಸಿ, ‘ಹೋಗಿ ಬರ್ತೇನೆ’ ಅನ್ನಿಸಿಯೇ ಕಳಿಸುವುದು. ಅಷ್ಟರಲ್ಲಿ ಬಾಳೆಹೊನ್ನೂರಿನ ಬಸ್ಸು ಏನೂ ಹೇಳದೆ ಹೋಗಿರುತ್ತದೆ!

ಇಂಥವರು ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರ್ ತೆರೆದರು. ನಾನು ಅಲ್ಲಿ ಸ್ಪೋಕನ್ ಇಂಗ್ಲಿಷ್ ಮೇಡಂ. ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ‘ಗುಡ್’ ಅಂದರೆ, ‘ಮಾರ್ನಿಂಗ್’ ಬರುವ ಹೊತ್ತಿಗೆ ಮಧ್ಯಾಹ್ನ.

ಮೂಲೆಯಲ್ಲಿ ಸರ್ವರ್. ಮಕ್ಕಳ ಪರೀಕ್ಷೆಯ ಪ್ರಾಜೆಕ್ಟ್‌ಗಳೆಲ್ಲ ಅದರ ಹೊಟ್ಟೆಯಲ್ಲೇ. ಶಿವಮೊಗ್ಗದಿಂದ ಬಂದ ಸರ್ವಿಸಿನವನು ಎಚ್ಚರಿಸಿದ್ದ: “ಅಮ್ಮಾ, ಸೀದಾ ಸ್ವಿಚ್ ತೆಗೆದ್ರೆ ಡಿಸ್ಕ್ ಹೋಗ್ತದೆ, ಮಕ್ಕಳ ಕೆಲಸವೂ ಹೋಗ್ತದೆ. ಮೊದಲು ಶಟ್‌ಡೌನ್ ಕೊಡಿ.”

“ಹಾಗಂದ್ರೆ ಎಂತದೇ?” ಅತ್ತಿಗೆ ನನ್ನನ್ನು ಕೇಳಿದರು.

ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ಹೊಡೆದವಳು ನಾನು, ಸುಮ್ಮನಿರಬಹುದೇ? “ಮುಚ್ಚಿಬಿಡೋದು ಅತ್ತಿಗೆ. ಟು ಕ್ಲೋಸ್ ಕಂಪ್ಲೀಟ್ಲಿ!”

“ದೀಪ ಹಚ್ಚೋ ಹೊತ್ತಲ್ಲಿ ಎಂತ ಮಾತು ಮಾರಾಯ್ತಿ! ಅದರ ಕೆಳಗೆ ಎಂತ ಬರ್ದಿದೆ?”

“ರೀಸ್ಟಾರ್ಟ್. ಮತ್ತೆ ಶುರು ಮಾಡೋದು.”

“ಹಾಂ! ಅದನ್ನೇ ಒತ್ತು.”

ಅಂದಿನಿಂದ ಸಂಜೆಯ ಸೇವೆ ಶುರು. ಅತ್ತಿಗೆ ಹೆಸರು ಹಿಡಿದು ಕೂಗಿ, ಎಲ್ಲರಿಂದ ಸೇವ್ ಮಾಡಿಸಿ, ಲಾಗ್‌ಔಟ್ ಮಾಡಿಸಿ, ರೀಸ್ಟಾರ್ಟ್ ಒತ್ತುತ್ತಾರೆ. ಸರ್ವರ್ ಎಲ್ಲವನ್ನೂ ಒಳಗಿಟ್ಟುಕೊಂಡು ಕಣ್ಣು ಮುಚ್ಚುತ್ತದೆ. ಅದು ಮತ್ತೆ ಕಣ್ಣು ಬಿಡುವ ಮೊದಲಿನ ಆ ಕಪ್ಪು ಗಳಿಗೆಯಲ್ಲಿ ಸ್ವಿಚ್ ತೆಗೆಯಬೇಕಾದವಳು ನಾನು! ಒಂದು ಉಸಿರು ತಡವಾದರೆ ಎದ್ದು ಕೂರುತ್ತದೆ, ಪುನಃ ಮೊದಲಿನಿಂದ. ನನಗೋ, ಉಸಿರೇ ಸಾಲದು.

“ದಿಸ್ ಈಸ್ ಅಬ್ಸರ್ಡ್, ಅತ್ತಿಗೆ!”

“ಹೌದು ಮಾರಾಯ್ತಿ. ಸ್ವಿಚ್ ನೋಡು.”

ಪರೀಕ್ಷೆಯ ಮುನ್ನಾದಿನ ಕರೆಂಟು ಹೋಯಿತು. ಯುಪಿಎಸ್ ಕೀಂಯ್ ಕೀಂಯ್ ಎಂದು ಅಳತೊಡಗಿತು. “ಇವತ್ತೊಂದಿನ ಶಟ್‌ಡೌನ್ ಕೊಡಿ” ಎಂದು ಕೈಮುಗಿದೆ.

“ನಾಳೆ ಮಕ್ಕಳ ಪರೀಕ್ಷೆ, ಇವತ್ತೇ ಆ ಮಾತಾ?” ರೀಸ್ಟಾರ್ಟೇ! ಪರದೆ ಕಪ್ಪಾದದ್ದೇ ತಡ, ನಾನು ಕಣ್ಣು ಮುಚ್ಚಿ ಸ್ವಿಚ್ಚಿನ ಮೇಲೆ ಬಿದ್ದೆ. ಆಂಗಿಕ ಅಭಿನಯಕ್ಕೆ ಕಾನ್ವೆಂಟಿನಲ್ಲಿ ಪ್ರೈಜ್ ಇರಲಿಲ್ಲ, ಇದ್ದಿದ್ದರೆ ಅದೂ ನನಗೇ.

ಬೆಳಿಗ್ಗೆ ನೋಡಿದರೆ ಎಲ್ಲ ಪ್ರಾಜೆಕ್ಟೂ ಇದ್ದಲ್ಲೇ ಇದ್ದವು. ಸರ್ವಿಸಿನವನು ಬಂದವನು ಹೊಗಳಿದ: “ಡಿಸ್ಕ್ ಬಂಗಾರದ ಹಾಗಿದೆ. ಅಮ್ಮ ಶಟ್‌ಡೌನ್ ಸರಿಯಾಗಿ ಮಾಡ್ತಾರೆ.”

“ನಮ್ಮಲ್ಲಿ ಅದನ್ನೆಲ್ಲ ಮಾಡೋದಿಲ್ಲ” ಎಂದರು ಅತ್ತಿಗೆ.

ನನ್ನ ಏದುಸಿರು ವಯಸ್ಸಿನದಲ್ಲ, ಹೃದಯದ ವಾಲ್ವಿನದು ಎಂದು ತಿಳಿದದ್ದು ಆಮೇಲೆ. ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ರಿಪೇರಿ ಮಾಡಿ, ಮತ್ತೆ ನಡೆಸುತ್ತೇವೆ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಇಂಗ್ಲಿಷಿನಲ್ಲಿ ವಿವರಿಸಿದರು. ಒಂದಕ್ಷರ ಬಿಡದೆ ಅರ್ಥವಾಯಿತು. ಕಾನ್ವೆಂಟಿಗೆ ಹೋಗಬಾರದಿತ್ತು ಅನ್ನಿಸಿದ್ದು ಅದೊಂದೇ ಸಲ!

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ “ಅತ್ತಿಗೆ, ಹೋಗ್ತೇನೆ” ಅಂದುಬಿಟ್ಟೆ.

ಅತ್ತಿಗೆ ಸ್ಟ್ರೆಚರನ್ನೇ ಹಿಡಿದು ನಿಲ್ಲಿಸಿದರು. ನರ್ಸ್ ಗದರಿದರೂ ಬಿಡಲಿಲ್ಲ. “ಎಂತ ಹೇಳ್ದೆ? ಸರಿಯಾಗಿ ಹೇಳು.”

“ಹೋಗಿ... ಬರ್ತೇನೆ.”

“ಹಾಂ.” ನನ್ನ ಕೈ ಹಿಡಿದರು, ಅವರ ಕೈ ನನ್ನದಕ್ಕಿಂತ ತಣ್ಣಗಿತ್ತು. “ರೀಸ್ಟಾರ್ಟು, ಅಷ್ಟೇ. ಹೆದರಬೇಡ ಮಾರಾಯ್ತಿ. ಈ ಸಲ ಸ್ವಿಚ್ಚಿನ ಹತ್ತಿರ ಯಾರನ್ನೂ ಬಿಡೋದಿಲ್ಲ ನಾನು.”