ಮಿಡಿ ಮರದ ಮೇಲೆ ನಮ್ಮತ್ತೆಯ ಮಾರ್ಕೆಟಿಂಗು

ಬೆಳಿಗ್ಗೆ ಹತ್ತೂಕಾಲಿಗೆ ಕೊಂಬೆ ಲಟಕ್ ಎಂದಿತು. ಅಲ್ಲಿಯವರೆಗೆ, ನನ್ನ ಸೋದರತ್ತೆಯಷ್ಟು ವಿಧೇಯ ವಿದ್ಯಾರ್ಥಿನಿ ಇಡೀ ಹೊಸನಗರ ತಾಲೂಕಿನಲ್ಲಿ ಇಲ್ಲವೆಂದು ನಾನು ನಗುತ್ತಲೇ ಇದ್ದೆ.

ಅತ್ತೆಯದು ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯ ವ್ಯಾಪಾರ. ಸಾಗರದ ಅಂಗಡಿಗಳನ್ನಷ್ಟೇ ನಂಬಿದರೆ ಆಗದೆಂದು, ತೀರ್ಥಹಳ್ಳಿಯ ತರಬೇತಿ ತರಗತಿಗೆ ಓಡಾಡಿ ಸೋಶಿಯಲ್ ಮೀಡಿಯಾದಲ್ಲಿ ಮಾರುವುದನ್ನು ಕಲಿತಳು. ಡಿಗ್ರಿ ಮುಗಿಸಿದ ನಾನು ಅವಳ ಕ್ಯಾಮೆರಾ.

ಅಲ್ಲಿನ ಮೇಷ್ಟ್ರು ಹೇಳಿದ್ದೆಲ್ಲ ಅವಳಿಗೆ ವೇದವಾಕ್ಯ. ಪ್ರತಿ ಕಾಮೆಂಟಿಗೂ ಉತ್ತರಿಸಿ ಎಂದಿದ್ದರಂತೆ. ಯಾರೋ ‘ಸೂಪರ್’ ಎಂದರೆ ಇವಳು, ‘ಯಾರ ಮನೆಯವರು? ತಿಂಡಿ ಆಯ್ತಾ?’ ಎಂದು ಬರೆಯುವಳು. ಮಾತು ಬೆಳೆದು ಒಬ್ಬ ಹುಡುಗಿಗೆ ಗಂಡು ಗೊತ್ತಾಯಿತು; ಉಪ್ಪಿನಕಾಯಿ ಮಾತ್ರ ಹೋಗಲಿಲ್ಲ. ಲೈವ್‌ನಲ್ಲಿ ಗ್ರಾಹಕರಿಗೆ ಹತ್ತಿರವಾಗಿ ಎಂದಿದ್ದಕ್ಕೆ ಮೊಬೈಲನ್ನು ಮೂಗಿಗೇ ಹಿಡಿದಳು. ನೋಡಿದವರೊಬ್ಬರು ಮೂಗುತಿಯ ರೇಟು ಕೇಳಿದರು.

ಕೊನೆಯ ಪಾಠ: ಸರಕಿನ ಮೂಲ ತೋರಿಸಿ, ನೀವೇ ಕಾಣಿಸಿಕೊಳ್ಳಿ. ಅತ್ತೆ ಸೀರೆಗೆ ಕಚ್ಚೆ ಹಾಕಿ, ಹೊಳೆದಂಡೆಯ ಮಿಡಿ ಮರದ ಬುಡಕ್ಕೆ ಬಂದಳು. ಪ್ರತಿವರ್ಷ ಮಿಡಿ ಕೊಯ್ಯುವವನು ಕೈಮುಗಿದ. “ಅಮ್ಮಾ, ನಾನು ಹತ್ತಿ ಕೊಯ್ತೀನಿ.”

“ನೀ ಹತ್ತಿದ್ರೆ ಪೇಜು ನಿಂದಾಗ್ತದೆ. ಸುಮ್ನಿರು.”

ಹತ್ತಿದಳು. ಹಗ್ಗ ಕಟ್ಟಿದ ಬುಟ್ಟಿ ತುಂಬ ಕೊಯ್ದಳು. ಮುಖದ ಮೇಲೆ ಬೆಳಕಿರಬೇಕು ಎಂಬುದೂ ಪಾಠದಲ್ಲಿತ್ತಲ್ಲ? ಬಿಸಿಲು ಹುಡುಕಿಕೊಂಡು ಕೊಂಬೆಯ ತುದಿಯತ್ತ ಸರಿದಳು. ಆಗ ಆ ಸದ್ದು. ಕೆಳಗೆ ಬೇಸಿಗೆಯ ಹೊಳೆ, ಬರೀ ಬಂಡೆ. ಮಿಡಿ ಕೊಯ್ಯುವವನು ಸರಸರನೆ ಮರ ಏರತೊಡಗಿದ.

“ಅತ್ತೆ, ಬುಟ್ಟಿ ಬಿಡು. ಮೇಲಿನ ಕೊಂಬೆ ಹಿಡ್ಕೋ.”

“ಎಂತ ಬಿಡೂದು? ಮಿಡಿ ನೆಲಕ್ಕೆ ಬೀಳ್ತದೆ ಮಾರಾಯ್ತಿ.”

ನೆಲಕ್ಕೆ ಬಿದ್ದ ಮಿಡಿ ಒಳಗೊಳಗೇ ಕಂದುತ್ತದೆ. ಅಂಥದ್ದೊಂದು ಸೇರಿದರೂ ಇಡೀ ಭರಣಿ ಕೆಡುತ್ತದೆ. ಜೀವ ಹೋಗುವ ಹೊತ್ತಿನಲ್ಲಿ ಯಾರಾದರೂ ಭರಣಿಯ ಚಿಂತೆ ಮಾಡುತ್ತಾರೆಯೇ? ಅತ್ತೆ ಮಾಡಿದಳು. ಒಂದು ಕೈಯಲ್ಲಿ ಮೇಲಿನ ಕೊಂಬೆ ಹಿಡಿದು, ಇನ್ನೊಂದರಿಂದ ಬುಟ್ಟಿಯ ಹಗ್ಗವನ್ನು ನಿಧಾನವಾಗಿ ಇಳಿಬಿಟ್ಟಳು. ವಿಡಿಯೊ ತೆಗೆಯುತ್ತಿದ್ದ ನನ್ನ ಮೊಬೈಲು ಹುಲ್ಲಿಗೆ ಯಾವಾಗ ಬಿತ್ತೋ ಕಾಣೆ. ಬುಟ್ಟಿ ನನ್ನ ಕೈಗೆ ತಾಗಿತು, ಅವಳ ಕಾಲಡಿಯ ಕೊಂಬೆ ಮುರಿದು ನನ್ನ ಪಕ್ಕದ ಬಂಡೆಗೆ ಅಪ್ಪಳಿಸಿತು. ಅಷ್ಟರಲ್ಲಿ ಮೇಲೆ ಏರಿದ್ದವನು ಅತ್ತೆಯ ರಟ್ಟೆ ಹಿಡಿದಿದ್ದ. ಕವಲಿಗೆ ಎಳೆದುಕೊಂಡು, ಮೆಲ್ಲಗೆ ಇಳಿಸಿದ.

ವಿಷಯ ತಿಳಿದ ಮೇಷ್ಟ್ರು ಫೋನು ಮಾಡಿ, “ಆ ವಿಡಿಯೊ ಹಾಕಿಬಿಡಿ ಅಮ್ಮ, ಉಪ್ಪಿನಕಾಯಿ ಉಳಿಯೋದೇ ಇಲ್ಲ” ಎಂದರು. ನನಗೋ ರಾತ್ರಿ ಕಣ್ಣು ಮುಚ್ಚಿದರೆ ಲಟಕ್. ಗೋಡೆಯಾಚೆ ಅತ್ತೆ ಗಡದ್ದಾಗಿ ಮಲಗಿದ್ದಾಳೆಂದುಕೊಳ್ಳುತ್ತಿದ್ದೆ.

ಭಾನುವಾರ ಅವಳು ವಿಡಿಯೊ ನೋಡಲು ಕೂತಳು. ಕೊನೆಗೆ ಬರೀ ಹುಲ್ಲು, ಅದರ ಹಿಂದೆ ನನ್ನ ಅಳು. ಮರದ ಮೇಲಿದ್ದಾಗ ಅದು ಅವಳಿಗೆ ಕೇಳಿಸಿರಲಿಲ್ಲ. ಪೂರ್ತಿ ಕೇಳಿ, ವಿಡಿಯೊ ಅಳಿಸಿಹಾಕಿದಳು.

“ಮೇಷ್ಟ್ರು ಹಾಕಿ ಅಂದಿದ್ರಲ್ಲ ಅತ್ತೆ?”

“ಮಾರೋದು ಉಪ್ಪಿನಕಾಯಿ. ನಿನ್ನ ಅಳು ಅಲ್ಲ.”

ರಾತ್ರಿ ನನ್ನ ಕೋಣೆಗೆ ಬಂದು, “ನಂಗೂ ನಿದ್ದೆ ಬರ್ತಿಲ್ಲ ಕಣೇ” ಎಂದಳು. ಹಾಸಿಗೆಯನ್ನು ನನ್ನ ಪಕ್ಕಕ್ಕೇ ಎಳೆದು ತಂದಳು. ಆ ಭಾನುವಾರ ಮಲಗಿದ ನಮ್ಮಿಬ್ಬರಿಗೂ ಎಚ್ಚರವಾದದ್ದು ಬೆಳಕು ಹರಿದ ಮೇಲೆಯೇ.